ಹೋಗಿ ಬಾ ಎನ್ನಿಸಿಕೊಂಡ ಪುದೀನ

ಒಲೆಯ ಮೇಲೆ ಹಾಲಿಟ್ಟು ಬರೆಯುತ್ತಿದ್ದೇನೆ, ಸುಳ್ಳು ಹೇಳಲು ಪುರುಸೊತ್ತಿಲ್ಲ. ಆಸೆಪಟ್ಟು ನೆಟ್ಟ ಪುದೀನ ಹಿತ್ತಲನ್ನೆಲ್ಲ ನುಂಗಿ, ಬಚ್ಚಲಿನ ಬಿರುಕಿನಲ್ಲೂ ತಲೆಯೆತ್ತಿತು. ಕಿತ್ತೆಸೆದರೆ ಮರುದಿನ ಅಲ್ಲೇ ಹಾಜರು. ಮಗುವಿನ ಕೋಣೆಗೂ ನುಗ್ಗೀತೆಂದು ನನಗೆ ದಿಗಿಲು.

"ಎಸೆಯುವಾಗ ಏನಂತೀಯೇ?" ಎಂದು ಅತ್ತೆ ಕೇಳಿದರು.

"ಹೋಗಿ ಬಾ ಅಂತೀನಿ. ಬರೀ ಹೋಗು ಅನ್ನೋಕೆ ಬಾಯೇ ಬರಲ್ಲ, ಅತ್ತೆ."

"ನೆಂಟರನ್ನ ಕಳಿಸೋ ಹಾಗೆ ಕಳಿಸ್ತೀಯ, ಬರದೆ ಇನ್ನೇನು ಮಾಡುತ್ತೆ!"

ಇವತ್ತು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ, "ಹೋಗು, ಬರಬೇಡ" ಎಂದು ಬೇಲಿಯಾಚೆ ಎಸೆದೆ. ಒಳಗೆ ಬಂದರೆ ಕೋಣೆಯೆಲ್ಲ ತಣ್ಣನೆಯ ಪುದೀನ ವಾಸನೆ. ಇನ್ನೂ ಅಮ್ಮ ಎನ್ನಲೂ ಬಾರದ ಮಗು, ಮುಚ್ಚಿದ ಕಿಟಕಿಯತ್ತ ಕೈಬೀಸಿ, "ಬಾ, ಬಾ" ಎಂದಿತು.

ಸರಸರ ಸದ್ದು ಬಂದದ್ದು ಮಾತ್ರ ತೊಟ್ಟಿಲ ಕೆಳಗಿನಿಂದ.