ಕೈ ಹಚ್ಚಿದರೂ ಬಿಡದ ಆಟೋಪೈಲಟ್

ನವಲಗುಂದದ ಜಮಖಾನೆ ಅಂಗಡಿಯ ಮಾಳಿಗೆಯ ಮೇಲಿನ ಕೋಣೆಗೆ ಅಮೃತಾ ನುಗ್ಗಿದ ರಭಸಕ್ಕೆ ಸಂಗನಬಸವ ಚಹಾ ಕುಡಿಯುವುದನ್ನೇ ಮರೆತ. ಇಬ್ಬರೂ ಅಲ್ಲೇ ಸೇರಿ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗೆ ತಾನೇ ವಿಮಾನ ನಡೆಸುವ ಆಟೋಪೈಲಟ್ ತಯಾರಿಸಿಕೊಡುತ್ತಿದ್ದರು. ವಿಮಾನ ಎಷ್ಟು ವಾಲಬೇಕು, ಎಷ್ಟು ಬೇಗ ತಿರುಗಬೇಕು ಎಂದು ಒಂದೊಂದು ವಿಮಾನಕ್ಕೂ ಬೇರೆ ಬೇರೆ ಸೆಟ್ಟಿಂಗ್ ಹೊಂದಿಸುವುದು ಅವರ ಕೆಲಸ.

“ಕುಂದರ್ರಿ. ವಿಮಾನ ಹಾರಿಸ್ರಿ.”

ಸಲಿಗೆಯಿಂದ ‘ನೀ’ ಎನ್ನುವವಳು ಇಷ್ಟು ಮರ್ಯಾದೆ ಕೊಟ್ಟಳೆಂದರೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಆದರೂ ಪುಣ್ಯಾತ್ಮ, ಸಿಟ್ಟಿಗೆ ಕೆಂಪಾದ ಅವಳ ಮೂಗಿನ ತುದಿಯನ್ನೇ ನೋಡುತ್ತ ಕೂತ.

“ಮಾರಿ ಏನ್ ನೋಡ್ತೀರಿ? ಮುಂದ ಗುಡ್ಡ ಐತಿ, ಎಡಕ್ಕ ತಿರುಗಸ್ರಿ.”

ಅವನು ಜಾಯ್‌ಸ್ಟಿಕ್ ಎಳೆದ. ವಿಮಾನ ತುಸು ವಾಲಿ ಮತ್ತೆ ನೆಟ್ಟಗಾಯಿತು. ಎರಡೂ ಕೈ ಹಾಕಿ ಜಗ್ಗಿದ. ಗುಡ್ಡ ಬಂತು, ಪರದೆ ಕಪ್ಪಾಯಿತು.

“ಪೈಲಟ್ ಕೈ ಹಚ್ಚಿದ ಕೂಡ್ಲೆ ಆಟೋಪೈಲಟ್ ಬಿಟ್ಟುಕೊಡಬೇಕು. ನಾ ಇಟ್ಟಿದ್ದ ಆ ಸೆಟ್ಟಿಂಗ್ ಯಾರ್ ತಗದ್ರಿ?”

“ನಮ್ಮ ಜಾಯ್‌ಸ್ಟಿಕ್ ಹಳೀದು, ಸುಮ್ಮನ ಅಳ್ಳಾಡ್ತೈತಿ. ಟೆಸ್ಟ್ ಮಾಡೂಮುಂದ ಆಟೋಪೈಲಟ್ ಆಫ್ ಆಗಾಕತ್ತಿತ್ತು. ನಿನಗ್ಯಾಕ ತ್ರಾಸು ಅಂತ ನಾನ ತಗದೆ.”

“ನನ್ನ ಕೇಳಿದ್ರೇನು?”

“ಸಣ್ಣದೊಂದು ಸೆಟ್ಟಿಂಗ್, ಅಮೃತಾ.”

“ನಿನ್ನಿ ನಿಮ್ಮವ್ವಾರು ನಮ್ಮನಿಗೆ ಹೆಣ್ಣು ಕೇಳಾಕ ಬಂದಿದ್ರು. ಅದೂ ಸಣ್ಣದೇನ್ರಿ? ನಮ್ಮಪ್ಪ ಹೂಂ ಅಂದ. ರೊಟ್ಟಿ ಬಡಿಯೂದು ಬಿಟ್ಟು ಹೊರಗ ಬಂದು, ‘ನನ್ನೂ ಕೇಳ್ರಿ’ ಅಂದೆ. ಎಲ್ಲಾರೂ ನಕ್ಕು, ಮಾತು ಪಕ್ಕಾ ಆತಂತ ಬೆಲ್ಲ ತಿಂದ್ರು.”

ತಾಯಿ ಶಾರದವ್ವನನ್ನು ಕಳಿಸಿದ್ದು ಅವನೇ. ಒಳ್ಳೆಯದನ್ನೇ ಮಾಡಿದೆನೆಂದು ರಾತ್ರಿಯೆಲ್ಲ ಹಿಗ್ಗಿದ್ದ. ಈಗ ಇವಳು ಎದ್ದು ಹೋದರೆ ಮತ್ತೆಂದೂ ಬರುವುದಿಲ್ಲ ಎಂಬ ಭಯ ಹುಟ್ಟಿತು. ಅವಳೆದುರೇ ಫೋನ್ ಹಚ್ಚಿದ.

“ಯವ್ವಾ, ಆಡಿದ ಮಾತು ವಾಪಸ್ ತಗೊ. ಹುಡುಗೀನ್ನ ನಾ ಕೇಳೇ ಇಲ್ಲ. ತಪ್ಪು ನಂದು.”

ಶಾರದವ್ವನ ಬೈಗುಳ ಕೋಣೆಗೆಲ್ಲ ಕೇಳಿಸಿತು. ಪೂರ್ತಿ ಕೇಳಿ ಫೋನ್ ಇಟ್ಟು ಕೀಬೋರ್ಡಿಗೆ ಕೈ ಹಾಕಿದ.

“ಕೈ ತಗೀರಿ. ನಾ ಸರಿ ಮಾಡ್ತೀನಿ,” ಎಂದು ಅಮೃತಾ ಸೆಟ್ಟಿಂಗ್ ವಾಪಸು ಹಾಕಿದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಅಂದಳು, “ಈಗ ಕೇಳು.”

“ಏನ್?”

“ನಿಮ್ಮವ್ವನ ಕೈಲೆ ಏನ್ ಕೇಳಿಸಿದ್ದಿ, ಅದು.”

“ನನ್ನ ಮದುವಿ ಆಗ್ತೀಯೇನು?”

“ಆಗ್ತೀನಿ. ಬ್ಯಾರೆ ಯಾರರ ಹಿಂಗ ಮಾಡಿದ್ರ ಇಷ್ಟ್ ಸಂಕಟ ಆಗ್ತಿದ್ದಿಲ್ಲ, ತಿಳಕೋ. ನಮ್ಮಪ್ಪಗ ನಾನ ಹೇಳ್ತೀನಿ. ಆದ್ರ ಇವತ್ತ ನಿನ್ನ ಮಾರಿ ನೋಡಾಕ ಮನಸಿಲ್ಲ. ಮನಿಗೆ ನಡಿ.”

ಅವಳು ಅಂದ ಕೂಡಲೇ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.