ಗೋಡೆ ಮೇಲೆ ಕುಣಿದ ಸಿಪಾಯಿಗಳು

"ಅಲ್ಲಿ ಯುದ್ಧ ನಡೀತಿದೆ, ಇವರು ಕುಣೀತಿದಾರೆ. ನಾಚಿಕೆ ಬೇಡ್ವಾ?"

ಹರ್ಷಿತಾ ಸಿನಿಮಾದ ಪರದೆ ನೋಡುತ್ತ ಗೊಣಗಿದ್ದು ಕನ್ನಡದಲ್ಲಿ. ಸ್ಯಾನ್ ಮಟಿಯೋದ ಈ ಸೀನಿಯರ್ ಸೆಂಟರಿನಲ್ಲಿ ಯಾರಿಗೆ ಅರ್ಥವಾಗುತ್ತೆ ಅನ್ನುವ ಧೈರ್ಯ. ಪ್ರೊಜೆಕ್ಟರ್ ಪಕ್ಕ ನಿಂತಿದ್ದವನು ತಿರುಗಿ ನೋಡಿದ.

"ನಾಚಿಕೆ ಇತ್ತೇನೋ ಮೇಡಂ. ಸಂಬಳ ಕೊಡ್ತಿದ್ರಲ್ಲ, ಕುಣಿದ್ರು."

ಅವನೇ ಗೌತಮ್. ಎರಡನೇ ಮಹಾಯುದ್ಧದ ಕಾಲದ ಹಾಲಿವುಡ್ ಮ್ಯೂಸಿಕಲ್‌ಗಳ ಮೇಲೆ ಪಾಲೋ ಆಲ್ಟೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಶನಿವಾರ ಮಧ್ಯಾಹ್ನ ಇಲ್ಲಿ ವಯಸ್ಸಾದವರಿಗೆ ಅಂಥದ್ದೊಂದು ಸಿನಿಮಾ ತೋರಿಸುತ್ತಿದ್ದ. ಹರ್ಷಿತಾಳ ಅಮ್ಮ ಲಿಂಗಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಮುಂದಿನ ಸಾಲಲ್ಲೇ ಕೂತು, ಸಿಪಾಯಿಗಳು ಕಾಲು ಕುಟ್ಟಿದಾಗೆಲ್ಲ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಲಿಂಗಮ್ಮನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ಅದು ಅವಳಿಗೊಬ್ಬಳಿಗೇ ಗೊತ್ತಿರಲಿಲ್ಲ. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಬೇಕಿತ್ತು. ಪ್ರತಿ ಸಲವೂ "ಗ್ಯಾಸ್ಟ್ರಿಕ್ ಅಂತೆ, ವಾಸಿಯಾಗುತ್ತಂತೆ" ಅಂದಿದ್ದಳು. ನಮ್ಮ ಮನೆಗಳಲ್ಲಿ ರೋಗಿಯನ್ನು ಬಿಟ್ಟು ಊರಿಗೆಲ್ಲ ರೋಗದ ಹೆಸರು ಗೊತ್ತಿರುತ್ತದೆ. ಅದನ್ನೇ ಪ್ರೀತಿ ಅಂದುಕೊಂಡಿರುತ್ತೇವೆ.

ಶನಿವಾರಗಳು ಕಳೆದವು. ಇಂಟರ್ವಲ್ಲಿನಲ್ಲಿ ಗೌತಮ್ ಕಾಫಿ ತರುತ್ತಿದ್ದ. ಕಪ್ಪು ಕೊಡುವಾಗ ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಅವಳು ಗಮನಿಸದವಳ ಹಾಗೆ ಕಾಫಿ ಊದುತ್ತಿದ್ದಳು, ಅದು ಆರಿ ಎಷ್ಟೋ ಹೊತ್ತಾಗಿದ್ದರೂ.

"ಇನ್ನೂ ಬಿಸಿ ಇದ್ಯಾ?" ಅಂತ ಅವನು ಕೇಳಿದರೆ ಕೆನ್ನೆ ಕೆಂಪಾಗುತ್ತಿತ್ತು.

ಒಂದು ದಿನ, ಅಮ್ಮನಿಗೆ ಕೇಳಿಸದ ಹಾಗೆ ಹಿಂದಿನ ಸಾಲಲ್ಲಿ ಕೂತು, ಅಮ್ಮನ ವಿಷಯ ಹೇಳಿಬಿಟ್ಟಳು. ಅವನು ಕಪ್ಪು ಕೆಳಗಿಟ್ಟ.

"ಈ ಸಿನಿಮಾಗಳನ್ನ ಯುದ್ಧದ ಜಾಗಕ್ಕೇ ಕಳಿಸ್ತಿದ್ರು. ಹುಡುಗರು ಬಯಲಲ್ಲಿ ಕೂತು ನೋಡೋರು."

"ಅವರಿಗೆ ಧೈರ್ಯ ತುಂಬೋಕೆ ತಾನೆ? ನಾನೂ ಅದನ್ನೇ ಮಾಡ್ತಿರೋದು."

"ಅಲ್ಲ. ನಾಳೆ ಏನಾಗಬಹುದು ಅಂತ ಆ ಹುಡುಗರಿಗೆ ಗೊತ್ತಿತ್ತು. ಗೊತ್ತಿದ್ದೂ ನಗ್ತಿದ್ರು. ನಿಮ್ಮಮ್ಮಂಗೆ ಗೊತ್ತಿಲ್ಲ."

"ನಿಮ್ಮ ಥೀಸಿಸ್ಸಿಗೆ ನಮ್ಮಮ್ಮನ್ನ ಎಳೀಬೇಡಿ," ಅಂತ ಎದ್ದು ಮುಂದಿನ ಸಾಲಿಗೆ ಹೋಗಿ, ಅಮ್ಮನ ಕೈ ಹಿಡಿದು ಹೊರಟೇಬಿಟ್ಟಳು.

ಆಮೇಲೆ ಅವಳು ಆ ಕಡೆ ಹೋಗಲಿಲ್ಲ. ಅವನ ಮೆಸೇಜಿಗೂ ಉತ್ತರಿಸಲಿಲ್ಲ. ಲಿಂಗಮ್ಮ ಹಾಸಿಗೆ ಹಿಡಿದಳು. ಇನ್ನು ವಿಮಾನ ಹತ್ತುವ ಹಾಗಿಲ್ಲ ಅಂದರು ಡಾಕ್ಟರ್. ಅವತ್ತೇ ಸಂಜೆ ಲಿಂಗಮ್ಮ, "ವಸಿ ವಾಸಿಯಾಗ್ಲಿ, ಊರಿಗೋಯ್ತೀನಿ. ಬೋರಕ್ಕನ ತಾವ ಮಾತು ಬುಟ್ಟು ಎಷ್ಟೊರ್ಸಾತು, ಕಾಲಿಡ್ಕೊಂಡು ತಪ್ಪಾಯ್ತು ಅಂತೀನಿ," ಅಂದಳು.

ಹರ್ಷಿತಾಳಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದಳು.

"ಯಾವತ್ತಿಂದ ಗೊತ್ತು ನಿಂಗೆ?"

"ಯುಗಾದಿಯಿಂದ."

"ಯುಗಾದೀಲಿ ನಾನು ನಡೀತಿದ್ದೆ ಕಣವ್ವ. ಪ್ಲೇನ್ ಹತ್ತೀನಿ ಅಂದಿದ್ರೆ ಹತ್ತುತಿದ್ದೆ."

ಲಿಂಗಮ್ಮ ಗೋಡೆ ಕಡೆ ಮುಖ ಮಾಡಿದಳು. ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ವಿಡಿಯೋ ಕಾಲಿನಲ್ಲಿ ಅವಳ ಅಕ್ಕ ಬೋರಮ್ಮ ಬಂದಳು. ಅಕ್ಕತಂಗಿಯರು ಮುಖ ನೋಡಿಕೊಂಡು ಅತ್ತರು. ಆದರೆ ಕಾಲು ಮುಟ್ಟುವುದು ಇನ್ನು ಯಾವತ್ತೂ ಆಗುವ ಹಾಗಿರಲಿಲ್ಲ. ಆ ತಪ್ಪು ತನ್ನದೇ ಅಂತ ಹರ್ಷಿತಾಳಿಗೆ ಗೊತ್ತಿತ್ತು.

ಮೂರನೇ ದಿನ ಲಿಂಗಮ್ಮ ಬಾಯಿಬಿಟ್ಟಳು. "ಆ ಪಿಚ್ಚರ್ ಹುಡುಗನ್ನ ಕರಿ."

ಗೌತಮ್ ಏನೂ ಕೇಳದೆ ಪ್ರೊಜೆಕ್ಟರ್ ಸಮೇತ ಅಪಾರ್ಟ್‌ಮೆಂಟಿಗೆ ಬಂದ. ಬೆಡ್‌ರೂಮಿನ ಗೋಡೆಯ ಮೇಲೆ ಸಿಪಾಯಿಗಳು ಕುಣಿದರು. ಲಿಂಗಮ್ಮ ಈ ಸಲ ನಗಲಿಲ್ಲ, ರೆಪ್ಪೆ ಮಿಟುಕಿಸದೆ ನೋಡಿದಳು.

ಬಾಗಿಲ ಹತ್ತಿರ ಹರ್ಷಿತಾ ಪಿಸುಗುಟ್ಟಿದಳು. "ಅವತ್ತು ಹಾಗೆ ಎದ್ದು ಬಂದೆ. ಸಾರಿ."

"ನಾನು ಕಾಯ್ತಾನೇ ಇದ್ದೆ."

"ಈಗ ನಂಗೆ ಸಮಾಧಾನ ಹೇಳ್ಬೇಡಿ ಗೌತಮ್. ನಿಜ ಹೇಳಿ."

ಅವನು ಅವಳ ಕೈ ಹಿಡಿದುಕೊಂಡ.

"ಅಮ್ಮ ಉಳಿಯಲ್ಲ ಹರ್ಷಿತಾ. ನಂಗೆ ನೀನು ಬೇಕು. ಎರಡೂ ನಿಜ."

ಅವಳು ಅವನ ಹೆಗಲಿಗೆ ಮುಖ ಒತ್ತಿ, ಅಮ್ಮನಿಗೆ ಕೇಳಿಸಬಾರದೆಂದು ಬಿಕ್ಕಳಿಕೆ ನುಂಗುತ್ತ ಅತ್ತಳು.

ಲಿಂಗಮ್ಮ ಗೋಡೆಯಿಂದ ಕಣ್ಣು ತೆಗೆಯದೆ, ಪಕ್ಕದ ಹಾಸಿಗೆ ತಟ್ಟಿದಳು.

"ಅಲ್ಯಾಕೆ ಕದ್ದು ಅಳ್ತೀರಿ? ಇಲ್ಬಂದು ಅಳ್ರಪ್ಪ ಇಬ್ರೂವೆ. ನಂಗೂ ಅಳ್ಬೇಕು."