ಯಾರೂ ತಿನ್ನಿಸದ ಗೋಧಿ

"ಉಸ್ತಾದ್, ನನ್ನ ಮಗಳ ಹೊಟ್ಟೆಗೆ ನಾನೇ ವಿಷ ಹಾಕ್ತಿದ್ದೀನಂತೆ!"

ಬಾಗಿಲು ತೆರೆದದ್ದೇ ತಡ, ದಿಮ್ಯಾನಾ ಹೊಸ್ತಿಲಲ್ಲೇ ಕುಸಿದು ಅಳತೊಡಗಿದಳು. ಅವಳ ಹಿಂದೆ ನಿಂತಿದ್ದ ನರ್ಸ್ ಇರೀನಿಗೆ ಮುಖ ಎಲ್ಲಿ ಬಚ್ಚಿಡಲಿ ಎನ್ನಿಸಿತು. ಪಾಪದ ಹೆಂಗಸನ್ನು ಈ ಫಜೀತಿಗೆ ಸಿಕ್ಕಿಸಿದವಳು ಅವಳೇ ತಾನೆ!

ಶುಬ್ರಾ ಬಡಾವಣೆಯ ಆ ಕಟ್ಟಡದ ಮೇಲಿನ ಮಹಡಿಯ ಉಸ್ತಾದ್ ಲಬೀಬ್ ಪೋರ್ಟ್ ಸಯೀದ್ ಬಂದರಿನ ಸುಂಕದ ಇಲಾಖೆಯಲ್ಲಿ ಕೂದಲು ನರೆಸಿಕೊಂಡವರು. ಕಳ್ಳಮಾಲು ಎಲ್ಲಿ ಅಡಗಿದೆಯೆಂದು ಮೂಸಿ ಹೇಳುವ ಆಸಾಮಿ. ನಿವೃತ್ತರಾದ ಮೇಲೆ ಬೀದಿಯ ಕಳವು, ತಂಟೆ ತಕರಾರುಗಳೆಲ್ಲ ಅವರ ಚಹಾದ ಮೇಜಿಗೇ ಬರುತ್ತಿದ್ದವು. ಅಂಥ ಹೊತ್ತಿನಲ್ಲಿ ಇರೀನಿಯೇ ಅವರ ಬಲಗೈ.

"ಮೊದಲು ಚಹಾ, ಆಮೇಲೆ ಅಳು," ಎಂದರು ಉಸ್ತಾದ್. "ಇರೀನಿ, ನೀನು ಹೇಳಮ್ಮ."

ಇರೀನಿ ತಲೆ ತಗ್ಗಿಸಿಕೊಂಡೇ ಹೇಳಿದಳು. ಅವಳ ಆಸ್ಪತ್ರೆಯಲ್ಲಿ ಹೊಟ್ಟೆಯ ಕಾಯಿಲೆಗಳ ಅಧ್ಯಯನ ನಡೆದಿತ್ತು. ಮಕ್ಕಳು, ದೊಡ್ಡವರು, ಯಾರು ಬೇಕಾದರೂ ತಾವಾಗಿ ಸೇರಬಹುದು. ದಿಮ್ಯಾನಾಳ ಮಗಳು ವೆರೀನಾಳಿಗೆ ಗೋಧಿ ಆಗದು. ಚೂರು ಹೋದರೂ ಕರುಳು ಕೆಡುತ್ತದೆ. ಗೋಧಿ ಪೂರ್ತಿ ಬಿಟ್ಟವರಿಗೆ ಮಾತ್ರ ಹೊಸ ಔಷಧಿ. "ಹೊಟ್ಟೆ ಕೆಟ್ಟ ಹುಡುಗಿ ಅಂತ ಹೆಸರು ಬಿದ್ರೆ ನಾಳೆ ಯಾರು ಮದುವೆ ಆಗ್ತಾರೆ?" ಎಂದು ಬೀದಿ ಆಡಿಕೊಂಡರೂ, ಇರೀನಿಯ ಮಾತು ನಂಬಿ ದಿಮ್ಯಾನಾ ಮಗಳನ್ನು ಸೇರಿಸಿದ್ದಳು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕೆಂದಾಗ ತನ್ನ ತೋಳನ್ನೂ ಚಾಚಿದ್ದಳು.

ಈಗ ನೋಡಿದರೆ ವೆರೀನಾಳ ಮಲದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೋಧಿ. ಅದು ಎಲ್ಲಿಂದ ಬಂತೆಂದು ಈ ವಾರ ತಿಳಿಯದಿದ್ದರೆ ಹುಡುಗಿಯನ್ನು ಅಧ್ಯಯನದಿಂದ ಕೈಬಿಡುವುದಾಗಿ ಡಾಕ್ಟರ್ ಸಲ್ವಾ ಹೇಳಿಬಿಟ್ಟಿದ್ದರು.

"'ನೀವಾಗೇ ಬಂದವರು, ಸುಳ್ಳು ಯಾಕೆ ಹೇಳ್ತೀರಿ?' ಅಂದ್ರು, ಎಲ್ಲರ ಎದುರಿಗೆ," ಎಂದಳು ದಿಮ್ಯಾನಾ. "ಮಾವನವರಂತೂ, 'ನಿನ್ನ ತವರಿಗೆ ನಡಿ' ಅಂತಿದ್ದಾರೆ."

ಉಸ್ತಾದ್ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ದಿಮ್ಯಾನಾಳ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಗುಮಾನಿ. ಮಾವ ಬಿಶಾಯ್ ತಾತ ಚರ್ಚಿನ ಒಲೆಮನೆಯಲ್ಲಿ ರೊಟ್ಟಿ ಬೇಯಿಸುವವನು. "ತಾಯಿಯ ಕೈಯೇ ಸಡಿಲ, ಇನ್ಯಾರನ್ನ ಅನ್ನೋಣ?" ಎಂದ. ದಿಮ್ಯಾನಾ ಮಿಠಾಯಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಥೆರೇಸಳ ಕಡೆ ನೋಡಿದಳು. ಅವಳ ಕೋಣೆಯಲ್ಲಿ ಗೋಧಿರವೆಯ ಸಿಹಿ ಬಸ್ಬೂಸಾದ ಡಬ್ಬಿ ಇತ್ತು. ಥೆರೇಸ್ ಸಿಡಿದಳು: "ನನ್ನ ಡಬ್ಬಿಗೆ ಬೀಗ ಇದೆ! ಅಪ್ಪನ ಬಟ್ಟೇಲಿ ಹಿಟ್ಟಿರುತ್ತಲ್ಲ, ಅದನ್ನ ಕೇಳಿ."

"ಹಿಟ್ಟಿನ ಬಟ್ಟೆ ಬದಲಾಯಿಸದೆ ನಾನು ಮನೆ ಮೆಟ್ಟಿಲು ಹತ್ತೋದಿಲ್ಲ!" ಎಂದು ತಾತ ಗುಡುಗಿದ.

ಉಸ್ತಾದ್ ಜೇಬಿನಿಂದ ಉಪ್ಪುನೀರಲ್ಲಿ ನೆನೆಸಿದ ಕಾಳಿನ ಪೊಟ್ಟಣ ತೆಗೆದು ವೆರೀನಾಳ ಮುಂದೆ ಹಿಡಿದರು. ಹುಡುಗಿ ಕೈ ಹಿಂದೆ ಕಟ್ಟಿಕೊಂಡು ತಾಯಿಯನ್ನು ನೋಡಿದಳು. "ಅಮ್ಮ, ಇದನ್ನ ತಿನ್ನಬಹುದಾ?"

"ಯಾವಾಗಲೂ ಹೀಗೆ ಕೇಳ್ತಾಳಾ?" ಎಂದರು ಉಸ್ತಾದ್.

"ಏನು ಕೊಟ್ಟರೂ," ಎಂದಳು ದಿಮ್ಯಾನಾ.

"ಶಾಲೆಗೆ ರಜೆ. ಹಾಗಾದ್ರೆ ಮನೆಯಿಂದ ಹೊರಗೆ ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೂ ಇಲ್ಲ. ತಾತನ ಜೊತೆ ಚರ್ಚಿನ ಪೂಜೆಗೆ, ಅಷ್ಟೇ. ಸೀತಾಳೆ ಸಿಡುಬಿನ ಗುಳ್ಳೆ ಎದ್ದ ವಾರ ಅದೂ ಇರಲಿಲ್ಲ."

"ಆ ವಾರದ ಪರೀಕ್ಷೆ?"

ಇರೀನಿ ನೆನಪಿಸಿಕೊಂಡಳು. "ಗೋಧಿ ಇರಲಿಲ್ಲ, ಉಸ್ತಾದ್."

ಹುಡುಗಿಯ ಹಾಸಿಗೆಯ ಪಕ್ಕ ಶಿಲುಬೆ ಕಸೂತಿಯ ಪುಟ್ಟ ಬಿಳಿ ಕರವಸ್ತ್ರವಿತ್ತು. ಉಸ್ತಾದ್ ಅದನ್ನು ಕೇಳಿ ಪಡೆದು, ಮಡಿಕೆ ಬಿಚ್ಚದೆ ಜೇಬಿಗೆ ಹಾಕಿಕೊಂಡರು. "ನಾಳೆ ಮಧ್ಯಾಹ್ನ ಡಾಕ್ಟರಮ್ಮನೂ ಬರಲಿ," ಎಂದರು.

ಮರುದಿನ ಎಲ್ಲರೂ ಅದೇ ಮನೆಯಲ್ಲಿ ಸೇರಿದರು. ಇರೀನಿ ತಂದಿಟ್ಟ ಚಹಾವನ್ನು ಬಿಶಾಯ್ ತಾತ ಪಕ್ಕಕ್ಕೆ ಸರಿಸಿದ. "ನಂದು ಉಪವಾಸ. ಸಂಜೆತನಕ ನೀರೂ ಮುಟ್ಟೋದಿಲ್ಲ. ಸೊಸೆಗಿದ್ದ ಹಾಗೆ ನನ್ನ ನಾಲಿಗೆ ಸಡಿಲ ಇಲ್ಲ."

ದಿಮ್ಯಾನಾಳ ಕಿವಿ ಕೆಂಪಾದವು. ಬಾಗಿಲ ಬಳಿ ಅವಳ ಗಂಟುಮೂಟೆ ಕಟ್ಟಿಯೇ ಇತ್ತು.

"ದೇವರು ಕ್ಷಮಿಸಲಿ," ಎಂದು ಗೊಣಗಿ ಉಸ್ತಾದ್ ಕರವಸ್ತ್ರವನ್ನು ಮೇಜಿನ ಮೇಲೆ ಬಿಡಿಸಿದರು. ಮಡಿಕೆಯಿಂದ ಒಣಗಿದ ನಾಲ್ಕಾರು ಚೂರು ಉದುರಿದವು. ಬಿಶಾಯ್ ತಾತ "ಅಯ್ಯಯ್ಯೋ!" ಎನ್ನುತ್ತಾ ಧಾವಿಸಿ, ಒದ್ದೆ ಬೆರಳಿಂದ ಅವನ್ನು ಒತ್ತಿ ಒತ್ತಿ ಎತ್ತಿ ಬಾಯಿಗೆ ಹಾಕಿಕೊಂಡ. ನೆಲಕ್ಕೆ ಬಿದ್ದದ್ದನ್ನೂ ಬಿಡಲಿಲ್ಲ.

"ಏನು ತಿಂದೆ, ತಾತ?" ಎಂದರು ಉಸ್ತಾದ್.

"ನಾನೆಲ್ಲಿ ತಿಂದೆ? ಉಪವಾಸ ಅಂತ ಹೇಳಲಿಲ್ವಾ?"

"ಈಗ ಬಾಯಿಗೆ ಹೋದದ್ದು?"

"ಅದು ಉರ್ಬಾನ್! ಪ್ರಸಾದದ ರೊಟ್ಟಿ! ಅದನ್ನ ತಿನ್ನೋದು ಅಂತಾರಾ ಯಾರಾದ್ರೂ?" ಎಂದ ತಾತ, ಎಂದವನೇ ಬಾಯಿ ತೆರೆದಂತೆಯೇ ನಿಂತುಬಿಟ್ಟ.

"ಎಲ್ಲರೂ ಮನೆಯಲ್ಲಿ ಹುಡುಕಿದಿರಿ," ಎಂದರು ಉಸ್ತಾದ್ ಮೆಲ್ಲಗೆ. "ಆದರೆ ಹುಡುಗಿ ಮನೆಯೊಳಗೇ ಇದ್ದ ವಾರ ಥೆರೇಸಳ ಡಬ್ಬಿ ಇತ್ತು, ತಾತನ ಬಟ್ಟೆ ಇತ್ತು, ತಾಯಿಯ ಕೈಯಡುಗೆ ಇತ್ತು. ಗೋಧಿ ಮಾತ್ರ ಇರಲಿಲ್ಲ. ಅಂದಮೇಲೆ ಅದು ಬಂದದ್ದು ಚರ್ಚಿನಿಂದ. ಕೇಳದೆ ಕಾಳೂ ಮುಟ್ಟದ ಮಗು ಕೇಳದೆ ಬಾಯಿಗೆ ಹಾಕ್ಕೊಳ್ಳೋದು ಏನು? ತಿಂಡಿ ಅಂತ ಯಾರಿಗೂ ಅನ್ನಿಸದ ಈ ಗೋಧಿ ರೊಟ್ಟಿ. ಚೂರು ಕೆಳಗೆ ಬೀಳದಿರಲಿ ಅಂತಲೇ ಈ ಕರವಸ್ತ್ರ."

"ಏನೇನು ತಿಂದೆ ಅಂತ ಪ್ರತಿ ಸಲ ನಾನೇ ಕೇಳಿದ್ದೆ," ಎಂದಳು ಇರೀನಿ. ಅದೇ ಚರ್ಚಿನ ಅದೇ ಸಾಲಿನಲ್ಲಿ, ಆ ಹುಡುಗಿಯ ಹಿಂದೆಯೇ ನಿಂತು ಅವಳೂ ಕೈಯೊಡ್ಡಿದ್ದಳು. "ಕಣ್ಣೆದುರಿಗೇ ನೋಡಿದ್ದೆ. ಛೀ, ನನ್ನ ಕಣ್ಣಿಗೆ ಮಣ್ಣು ಹಾಕ!"

ಡಾಕ್ಟರ್ ಸಲ್ವಾ ಎದ್ದು ದಿಮ್ಯಾನಾಳ ಬಳಿ ಬಂದರು. "ವೆರೀನಾ ಅಧ್ಯಯನದಲ್ಲಿ ಇರ್ತಾಳೆ. ಎಲ್ಲರ ಎದುರು ಅಂದ ಮಾತನ್ನ ಎಲ್ಲರ ಎದುರೇ ವಾಪಸು ತಗೋತೀನಿ."

ಬಿಶಾಯ್ ತಾತ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. "ದೊಡ್ಡ ತುಂಡು ಆರಿಸಿ ಕೊಡ್ತಿದ್ದೆ," ಎಂದ. "ಬೇಗ ವಾಸಿಯಾಗ್ಲಿ ಅಂತ." ಆಮೇಲೆ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿ ಅತ್ತ.

"ನನ್ನದೊಂದು ಮಾತು ನಂಬಿದ್ದಿದ್ರೆ ಸಾಕಿತ್ತು, ಮಾವ," ಎಂದಳು ದಿಮ್ಯಾನಾ.

ಭಾನುವಾರ ಪೂಜೆ ಮುಗಿದು ಬಾಗಿಲಲ್ಲಿ ಉರ್ಬಾನ್ ಹಂಚುವಾಗ ಇರೀನಿ ಕೈಯೊಡ್ಡಲಾಗದೆ ಕಂಬದ ಮರೆಯಲ್ಲಿ ನಿಂತಿದ್ದಳು. ವೆರೀನಾಳ ಸರದಿ ಬಂತು. ತಾತನ ಕೈಯಲ್ಲಿನ ಬಿಸಿ ರೊಟ್ಟಿ ನೋಡಿ ಹುಡುಗಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಇದನ್ನ ತಿನ್ನಬಹುದಾ?"

ಉತ್ತರ ಕೊಟ್ಟದ್ದು ಬಿಶಾಯ್ ತಾತ. "ಬೇಡ, ನನ್ನ ಕಂದ." ಇಡೀ ರೊಟ್ಟಿಯನ್ನು ಅವಳ ನೆತ್ತಿಗೆ ಮುಟ್ಟಿಸಿ, ಎರಡೂ ಕೈಯಲ್ಲಿ ಸೊಸೆಯ ಮುಂದೆ ಹಿಡಿದ. ಇಡೀ ಬೀದಿಗೆ ಕೇಳುವಂತೆ ಹೇಳಿದ: "ಇವಳ ಪಾಲು ನೀನು ತಗೋ, ತಾಯಿ. ನಿಜ ಹೇಳಿದವಳು ನೀನೊಬ್ಬಳೇ."